ಕೋಟೆ ಕಲ್ಲಲ್ಲಿ ಚಿಪ್ಪು ಸಿಗಲ್ಲ ತಮ್ಮಾ

ತಮ್ಮಾ, ನಿನ್ನ "ಚಿಪ್ಪು ಹೇಳುವ ಕಾಲ" ಲೇಖನ, ಅದೇ ಕಲ್ಲಲ್ಲಿ ಉಳಿದ ಚಿಪ್ಪಿನ ಪಳೆಯುಳಿಕೆ ನೋಡಿ ಕಲ್ಲಿನ ಕಾಲ ಹೇಳೋದರ ಬಗ್ಗೆ ಬರ್ದಿದ್ದು, ಎರಡು ಸಲ ಓದ್ದೆ, ಒಂದ್ಸಲ ಆಫೀಸಲ್ಲಿ, ಇನ್ನೊಂದ್ಸಲ ರಾತ್ರಿ ಮನೇಲಿ ಮಂಡಕ್ಕಿ ತಿಂತಾ. ಈ ಸಂಚಿಕೆಗೆ ಹಾಕಲ್ಲ. ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಪರಿಶೀಲಿಸಿ ತಿಳಿಸ್ತೀವಿ ಅಂತ ಆರು ತಿಂಗ್ಳು ಕಾಯ್ಸೋ ಸಂಪಾದಕರ ಹತ್ರ ನಾನೂ ಒದ್ದಾಡಿದೀನಿ. ಆದ್ರೆ ವಾಪಸ್ ಕಳ್ಸಿ ಕೈ ತೊಳ್ಕೊಳ್ಳೋ ಬರಹನೂ ಅಲ್ಲ ಇದು, ಅದಕ್ಕೇ ಇಷ್ಟುದ್ದ ಬರೀತಿದೀನಿ. ಏಕವಚನದಲ್ಲೇ ಮಾತಾಡ್ಸಿ ಸರ್ ಅಂದಿದೀಯಲ್ಲ, ಹಂಗಾಗಿ ಬೈಗುಳಾನೂ ಏಕವಚನದಲ್ಲೇ.

ಶುರುವಲ್ಲೇ ಎಡವಿದೀಯ. "ದುರ್ಗದ ಕೋಟೆಯ ಒಂದೊಂದು ಬಂಡೆಯಲ್ಲೂ ಕಡಲಜೀವಿಗಳ ಗುರುತು ಅಡಗಿದೆ" ಅಂತೆ. ಯಾವ ಬಂಡೆಲಪ್ಪಾ? ಕೋಟೆ ಬೆಟ್ಟದ್ದು ಗ್ರಾನೈಟ್ ಜಾತಿ ಕಲ್ಲು, ಭೂಮಿ ಒಳಗೆ ಕರಗಿದ್ದ ದ್ರವ ತಣ್ಣಗಾಗಿ ಗಟ್ಟಿಯಾಗಿದ್ದು, ಅದರಲ್ಲಿ ಚಿಪ್ಪು ಉಳಿಯೋ ಮಾತೇ ಇಲ್ಲ. ಮೇಲಾಗಿ ಅದು ಸುಮಾರು 260 ಕೋಟಿ ವರ್ಷದ್ದು, ಚಿಪ್ಪಿರೋ ಪ್ರಾಣಿಗಳು ಕಾಣಿಸ್ಕೊಳ್ಳೋಕೆ ಶುರುವಾಗಿದ್ದೇ ಹತ್ತಿರತ್ತಿರ 54 ಕೋಟಿ ವರ್ಷದ ಹಿಂದೆ. ಆದ್ರೆ ತಮಾಷೆ ಏನಂದ್ರೆ ಇಲ್ಲಿ ಸಮುದ್ರ ಇತ್ತು, ಅದು ಸುಳ್ಳಲ್ಲ. ಚಿತ್ರದುರ್ಗದ ಹತ್ರದ ಮರಡಿಹಳ್ಳಿಗೆ ಹೋಗಿ ನೋಡು, ದಿಂಬು ಜೋಡಿಸಿಟ್ಟಂಗೆ ಕಲ್ಲಿದೆ, ಲಾವಾ ನೀರೊಳಗೆ ಉಕ್ಕಿ ಥಟ್ ಅಂತ ತಣ್ಣಗಾದಾಗ ಆಗೋ ಆಕಾರ ಅದು, ಭೂವೈಜ್ಞಾನಿಕ ಸ್ಮಾರಕ ಅಂತ ಸರ್ಕಾರದ ಬೋರ್ಡೇ ಇದೆ. ಸಮುದ್ರ ಇತ್ತು, ಚಿಪ್ಪು ಇರಲಿಲ್ಲ. ಬರೀ ಸೂಕ್ಷ್ಮಜೀವಿಗಳ ಕಾಲ. ಇದನ್ನ ಬರ್ದಿದ್ರೆ ನಾನು ಎದ್ದು ಕೂತು ಓದ್ತಿದ್ದೆ.

ಎರಡ್ನೇದು ಕಾರ್ಬನ್ ಡೇಟಿಂಗ್. ಆ ಪ್ಯಾರಾ ಪೂರ್ತಿ ಕಿತ್ತಾಕು. ಕಾರ್ಬನ್ ಲೆಕ್ಕ ಸುಮಾರು 50 ಸಾವಿರ ವರ್ಷದವರೆಗೆ ಓಡುತ್ತೆ ಅಷ್ಟೇ, ಕೋಟಿಗಟ್ಟಲೆ ವರ್ಷದ ಚಿಪ್ಪಿಗೆ ಅದನ್ನ ಹಿಡ್ಕೊಂಡು ಹೋಗೋದು ಲಾರಿ ತೂಕ ಹಾಕೋಕೆ ಚಿನ್ನದಂಗಡಿ ತಕ್ಕಡಿ ತಗೊಂಡು ಹೋದಂಗೆ.

ಸೂಚಕ ಪಳೆಯುಳಿಕೆಯ (ಅಂದ್ರೆ ದೂರದೂರದ ಎರಡು ಕಲ್ಲಿನ ಪದರ ಒಂದೇ ಕಾಲದ್ದು ಅಂತ ತೋರಿಸೋ ಪಳೆಯುಳಿಕೆಯ) ನಾಲ್ಕು ಲಕ್ಷಣಗಳು ಅಂತ ನಂಬರ್ ಹಾಕಿ ಬರ್ದಿದೀಯಲ್ಲ, ತಪ್ಪಿಲ್ಲ, ಆದ್ರೆ ಗೈಡ್ ಓದಿದಂಗಿದೆ. ಹಿಂಗೆ ಯೋಚ್ನೆ ಮಾಡು. ನಿಮ್ಮನೆ ಅಟ್ಟದ ಮೇಲೆ ಹಳೇ ಪೇಪರ್ ರಾಶಿ, ದಾವಣಗೆರೆಲಿರೋ ನಿಮ್ಮ ಮಾವನ ಮನೇಲೂ ಒಂದು ರಾಶಿ, ಎರಡರಲ್ಲೂ ತಾರೀಕಿನ ಜಾಗ ಇಲಿ ತಿಂದುಬಿಟ್ಟಿದೆ. ಕೆಳಗಿರೋದು ಹಳೇದು ಅಂತ ಗೊತ್ತು. ಆದ್ರೆ ಇಲ್ಲಿನ ಯಾವ ಪೇಪರು ಅಲ್ಲಿನ ಯಾವ ಪೇಪರಿಗೆ ಸಮ? ಜಿಲ್ಲಾ ಪುಟ ನೋಡಿದ್ರೆ ಆಗಲ್ಲ, ಊರೂರಿಗೆ ಬೇರೆ ಇರುತ್ತೆ. ಸೋಪಿನ ಜಾಹೀರಾತು ನೋಡಿದ್ರೂ ಆಗಲ್ಲ, ಮೂವತ್ತು ವರ್ಷ ಅದೇ ಬರ್ತಿರುತ್ತೆ, ಲಿಂಗುಲಾ ಅನ್ನೋ ಚಿಪ್ಪಿನ ಥರ, ಕೋಟಿ ಕೋಟಿ ವರ್ಷ ಅದೇ ಆಕಾರ. ಎಲ್ಲಾ ಊರಲ್ಲೂ ಒಟ್ಟಿಗೆ ಬಿಡುಗಡೆ ಆಗಿ ಮೂರೇ ವಾರಕ್ಕೆ ಎತ್ತಂಗಡಿ ಆದ ಸಿನಿಮಾದ ಜಾಹೀರಾತು ಇದೆಯಲ್ಲ, ಅದು ಬೇಕು ನಿಂಗೆ. ಅಮೊನೈಟ್, ಅಂದ್ರೆ ಸುರುಳಿ ಚಿಪ್ಪಿನ, ಈಗ ಅಳಿದುಹೋಗಿರೋ ಕಡಲಪ್ರಾಣಿ, ಅದೇ ಆ ಸಿನಿಮಾ. ಈಜ್ತಿತ್ತು, ಸತ್ತ ಮೇಲೂ ಚಿಪ್ಪು ತೇಲ್ಕೊಂಡು ದೂರ ಹೋಗ್ತಿತ್ತು, ಜಾತಿಗಳು ಬೇಗ ಬೇಗ ಬದಲಾಗ್ತಿದ್ವು. ಮ್ಯಾಕ್ರೊಸೆಫಲೈಟಿಸ್ ಅನ್ನೋ ಅಮೊನೈಟ್ ಯುರೋಪಲ್ಲೂ ಸಿಗುತ್ತೆ ನಮ್ಮ ಗುಜರಾತಿನ ಕಛ್‌ನಲ್ಲೂ ಸಿಗುತ್ತೆ, 1870ರ ದಶಕದಲ್ಲಿ ವಾಗೆನ್ ಅನ್ನೋ ಭೂವಿಜ್ಞಾನಿ ಕಛ್‌ನ ಅಮೊನೈಟ್‌ಗಳನ್ನ ವಿವರಿಸಿ ಅಲ್ಲಿನ ಪದರಗಳನ್ನ ಯುರೋಪಿನ ಪದರಗಳ ಜೊತೆ ಹೊಂದಿಸಿದ್ದು ಇದೇ ದಾರಿಲಿ.

ಇಲ್ಲಿ ಓದುಗ ಒಂದು ಪ್ರಶ್ನೆ ಕೇಳ್ತಾನೆ, ನೀನು ಅದನ್ನ ಮುಟ್ಟೇ ಇಲ್ಲ. ಕಲ್ಲಿನ ವಯಸ್ಸು ಚಿಪ್ಪಿಂದ, ಚಿಪ್ಪಿನ ವಯಸ್ಸು ಕಲ್ಲಿಂದ, ಇದು ಸುತ್ತಿ ಸುತ್ತಿ ಅಲ್ಲೇ ಬಂದಂಗಾಯ್ತಲ್ಲ ಅಂತ. ಇಲ್ಲ. ಇಂಗ್ಲೆಂಡಲ್ಲಿ ಕಾಲುವೆ ಸರ್ವೆ ಮಾಡ್ತಿದ್ದ ವಿಲಿಯಂ ಸ್ಮಿತ್ 1815ರಲ್ಲಿ ಕಲ್ಲಿನ ಪದರಗಳ ನಕ್ಷೆ ತಂದಾಗ ಅವನ ಹತ್ರ ವರ್ಷದ ಲೆಕ್ಕ ಇರಲೇ ಇಲ್ಲ, ಯಾವುದರ ಮೇಲೆ ಯಾವುದು ಅನ್ನೋ ಕ್ರಮ ಮಾತ್ರ. ಅದನ್ನ ಅವನು ಅಗೆದ ಮಣ್ಣಲ್ಲೇ ಕಣ್ಣಾರೆ ನೋಡಿದ್ದ. ಅಂಕಿ ಬಂದಿದ್ದು ಎಷ್ಟೋ ಕಾಲದ ಮೇಲೆ, ಪದರಗಳ ನಡುವೆ ಸಿಕ್ಕಾಕೊಂಡ ಜ್ವಾಲಾಮುಖಿ ಬೂದಿಯ ಜಿರ್ಕಾನ್ ಹರಳಲ್ಲಿ ಯುರೇನಿಯಂ ಎಷ್ಟು ಸೀಸ ಆಗಿದೆ ಅಂತ ಅಳೆದ ಮೇಲೆ. ಪೇಪರ್ ರಾಶಿ ಮಧ್ಯೆ ತಾರೀಕು ಉಳಿದಿರೋ ಒಂದು ಕರೆಂಟ್ ಬಿಲ್ ಸಿಕ್ಕಂಗೆ.

ಇನ್ನು ನಾಲ್ಕನೇ ಪುಟ. ಅಜ್ಜಿ ದೇವರ ಮನೇಲಿರೋ ಸಾಲಿಗ್ರಾಮನೂ ಅಮೊನೈಟೇ ಅಂತ ಒಂದು ಸಾಲು ಬರ್ದು ಮುಂದೆ ಹೋಗಿಬಿಟ್ಟಿದೀಯ, ಅಯ್ಯೋ ಪುಣ್ಯಾತ್ಮ, ಅದೇ ನಿನ್ನ ಲೇಖನ! ಒಳಗೆ ಚಕ್ರ ಇರೋ ಕಪ್ಪು ಕಲ್ಲು, ನೇಪಾಳದ ಗಂಡಕಿ ನದಿದು, ಆ ಪ್ರಾಣಿ ಸುಮಾರು 15 ಕೋಟಿ ವರ್ಷದ ಆಸುಪಾಸಿಂದು, ಸಮುದ್ರದ್ದು, ಈಗ ಹಿಮಾಲಯದ್ದು, ಹೆಂಗೋ ಹೊಳಲ್ಕೆರೆ ಹತ್ರದ ಒಂದು ಮನೆ ಪೆಟ್ಟಿಗೇಲಿ ಕೂತಿದೆ. ಇನ್ನೂ ಒಂದು ಸೂಕ್ಷ್ಮ ನೋಡು. ಆ ಕಲ್ಲು ನದಿ ಮರಳಲ್ಲಿ ಸಿಗುತ್ತೆ, ಮರಳು ಇವತ್ತಿಂದು. ನಾಳೆ ಆ ಮರಳೇ ಗಟ್ಟಿಯಾಗಿ ಕಲ್ಲಾಯ್ತು ಅನ್ಕೋ, ಒಳಗಿನ ಅಮೊನೈಟ್ ನೋಡಿ ಪದರಕ್ಕೆ 15 ಕೋಟಿ ವರ್ಷ ಅಂದ್ರೆ ಮೋಸ ಹೋದಂಗೆ. ಹಳೇ ಪದರ ಸವೆದು ಅದರ ಚಿಪ್ಪು ಹೊಸ ಪದರಕ್ಕೆ ಸೇರೋದು ನಿಜವಾಗ್ಲೂ ಆಗುತ್ತೆ, ಅದಕ್ಕೇ ಒಂದೇ ಚಿಪ್ಪನ್ನ ನಂಬಲ್ಲ, ಜೊತೆಗಿರೋ ಇಡೀ ಗುಂಪು ನೋಡ್ತಾರೆ, ಉಜ್ಜಿ ಸವೆದಿದೆಯಾ ಅಂತಾನೂ ನೋಡ್ತಾರೆ. ಎಣ್ಣೆ ಬಾವಿ ಕೊರೆಯೋರಿಗೆ ಬೇರೆ ತಾಪತ್ರಯ. ಡ್ರಿಲ್ ಮೊನೆ ಅಮೊನೈಟನ್ನ ಪುಡಿ ಮಾಡುತ್ತೆ, ಹಂಗಾಗಿ ಮರಳಿನ ಕಾಳಷ್ಟೇ ಇರೋ ಫೊರಾಮಿನಿಫೆರಾ ಅನ್ನೋ ಏಕಕೋಶ ಜೀವಿಗಳ ಚಿಪ್ಪು ಹುಡುಕ್ತಾರೆ, ಆದ್ರೆ ಮೇಲಿನ ಚೂರು ಉದುರಿ ಕೆಳಗಿನದ್ರ ಜೊತೆ ಬೆರೆಯುತ್ತೆ, ಅದಕ್ಕೆ ಕೊರೀತಾ ಇಳಿವಾಗ ಒಂದು ಜಾತಿ ಮೊದಲು ಎಲ್ಲಿ ಕಾಣ್ತು ಅನ್ನೋದನ್ನೇ ಹೆಚ್ಚು ನಂಬ್ತಾರೆ. ಇದನ್ನ ಎರಡೇ ಸಾಲಲ್ಲಿ ಹೇಳು, ಎಳೀಬೇಡ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. "ಅವಸಾದಿ ಶಿಲಾಸ್ತರ" ಒಂದ್ಸಲ ಸಾಕು, ಆಮೇಲೆ ಪದರ ಅನ್ನು. "ಕಾಲಗರ್ಭ" ಏಳು ಸಲ ಬಂದಿದೆ, ಎಣಿಸ್ದೆ.

ಸಾಲಿಗ್ರಾಮದಿಂದ ಶುರು ಮಾಡಿ, ಮರಡಿಹಳ್ಳಿಲಿ ಯಾಕೆ ಇಂಥದ್ದು ಸಿಗಲ್ಲ ಅನ್ನೋದಕ್ಕೆ ಬಂದು, 1200 ಪದದೊಳಗೆ ಮುಗಿಸಿ ಮುಂದಿನ ತಿಂಗ್ಳು ಹತ್ತನೇ ತಾರೀಕೊಳಗೆ ಕಳ್ಸು. ಜೊತೆಗೊಂದು ಫೋಟೋ ಬೇಕು, ಅಳತೆ ಗೊತ್ತಾಗ್ಲಿ ಅಂತ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗಿ. ಆದ್ರೆ ಅಜ್ಜಿನ ಕೇಳಿ ಮುಟ್ಟು, ಸ್ನಾನ ಮಾಡ್ಕೊಂಡು.