ಎಲೆ ಅರೆದ ಕೂಡಲೇ ರಸ ಕಂದಾಗುತ್ತದೆ, ಕಿಣ್ವ ಸಿಗುತ್ತಿಲ್ಲ. ಗಿಡ ಬಿಟ್ಟು ಬ್ಯಾಕ್ಟೀರಿಯಾ ಹಿಡಿಯಲೇ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಎಲೆಯಿಂದ ಒಂದು ಕಿಣ್ವ ತೆಗೆಯಲು ಹೊರಟಿದ್ದೀರಿ. ಅರೆದು ಸ್ವಲ್ಪ ಹೊತ್ತಿಗೇ ರಸ ಕಂದಾಗುತ್ತದೆ, ಸೆಂಟ್ರಿಫ್ಯೂಜ್ ಮಾಡಿ ಅಳೆದರೆ ಚಟುವಟಿಕೆ ಸೊನ್ನೆ. ಬ್ಯಾಕ್ಟೀರಿಯಾಕ್ಕೆ ಬಳಸುವ ಬಫರನ್ನೇ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಬಳಸಿದ್ದೀರಿ. ಈಗ ಗಿಡದ ಸಹವಾಸವೇ ಬೇಡ, ಆ ಕಿಣ್ವದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ ಅಲ್ಲೇ ಕಿಣ್ವ ಮಾಡಿಸಿಬಿಡಲೇ ಎಂದು ಕೇಳಿದ್ದೀರಿ. ನನ್ನ ದಿನನಿತ್ಯದ ಕೆಲಸ ಸಸ್ಯಗಳ ಕಿಣ್ವಗಳ ಜೊತೆಗೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಿಡ ಬಿಡಬೇಡಿ. ಆ ಕಂದು ಬಣ್ಣ ಕೊಳೆಯಲ್ಲ, ಅದೂ ಕಿಣ್ವವೇ ನಡೆಸುವ ಒಂದು ರಾಸಾಯನಿಕ ಕ್ರಿಯೆ. ನೀವು ಹುಡುಕುತ್ತಿರುವ ಕಿಣ್ವವನ್ನು ಅದು ನಿಮ್ಮ ಕಣ್ಣೆದುರೇ ಹಾಳು ಮಾಡುತ್ತಿದೆ. ಏನು ನಡೆಯುತ್ತಿದೆ ಎಂದು ತಿಳಿದರೆ ತಡೆಯುವುದು ಕಷ್ಟವಲ್ಲ.

ಬಲಿತ ಎಲೆಯ ಜೀವಕೋಶದಲ್ಲಿ ಬಹುಪಾಲು ಜಾಗ ರಸದಾನಿಯದ್ದು (ವ್ಯಾಕ್ಯೂಲ್, ಕೋಶದೊಳಗಿನ ದ್ರವ ತುಂಬಿದ ಚೀಲ). ಎಷ್ಟೋ ಕೋಶಗಳಲ್ಲಿ ನೂರಕ್ಕೆ 80–90ರಷ್ಟು. ಅದರೊಳಗಿನ ದ್ರವ ಹುಳಿ, ಪಿಎಚ್ ಸುಮಾರು 5ರಿಂದ 5.5. ಅದರ ಸುತ್ತ ತೆಳ್ಳಗೆ ಹರಡಿಕೊಂಡಿರುವ ಸೈಟೋಪ್ಲಾಸಂನ ಪಿಎಚ್ 7ಕ್ಕಿಂತ ತುಸು ಮೇಲೆ. ಫೀನಾಲ್‌ಗಳು, ಟ್ಯಾನಿನ್‌ಗಳು, ಸಾವಯವ ಆಮ್ಲಗಳು, ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್‌ಗಳು, ಇವೆಲ್ಲ ಹೆಚ್ಚಾಗಿ ಇರುವುದು ರಸದಾನಿಯಲ್ಲಿ. ಪಾಲಿಫೀನಾಲ್ ಆಕ್ಸಿಡೇಸ್ ಎಂಬ, ತಾಮ್ರ ಹೊತ್ತ ಕಿಣ್ವ ಇರುವುದು ಕ್ಲೋರೋಪ್ಲಾಸ್ಟಿನೊಳಗೆ. ಎಲೆ ಕೆಡದೆ ಇರುವ ತನಕ ಇವು ಒಂದಕ್ಕೊಂದು ಎದುರಾಗುವುದಿಲ್ಲ. ನೀವು ಅರೆದಿರಿ, ಪೊರೆಗಳು ಹರಿದವು, ಎಲ್ಲವೂ ಒಂದೇ ಬಟ್ಟಲಿಗೆ ಬಿದ್ದವು, ಗಾಳಿಯ ಆಕ್ಸಿಜನ್ ಕೂಡ ಸೇರಿತು. ಆಕ್ಸಿಡೇಸ್ ಫೀನಾಲ್‌ಗಳನ್ನು ಕ್ವಿನೋನ್ ಮಾಡುತ್ತದೆ. ಕ್ವಿನೋನ್ ಸುಮ್ಮನೆ ಕೂರುವ ಅಣುವಲ್ಲ. ಪ್ರೋಟೀನಿನ ಲೈಸೀನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿಗೆ ಹೋಗಿ ಕೋವೇಲೆಂಟ್ ಬಂಧದಿಂದ ಅಂಟಿಕೊಳ್ಳುತ್ತದೆ, ತಮ್ಮತಮ್ಮಲ್ಲೇ ಸರಪಳಿ ಕಟ್ಟಿ ಕಂದು ಪಾಲಿಮರ್ ಆಗುತ್ತದೆ. ಹೀಗೆ ಅಂಟಿದ್ದನ್ನು ಆಮೇಲೆ ಬಿಡಿಸಲಾಗದು. ಕಂದಾದ ರಸವನ್ನು ಎಷ್ಟೇ ಶುದ್ಧೀಕರಿಸಿದರೂ ಫಲವಿಲ್ಲ ಅನ್ನುವುದು ಇದಕ್ಕೇ.

ಇದು ಗಿಡದ ಮಟ್ಟಿಗೆ ಅಪಘಾತವಲ್ಲ. ಹುಳು ಎಲೆ ಕಚ್ಚಿದಾಗಲೂ ನಡೆಯುವುದು ಇದೇ. ನಿಮ್ಮ ಖಲ್ಲು ಗಿಡಕ್ಕೆ ಹುಳುವಿನ ಬಾಯಿಯ ಹಾಗೆ. ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಒಂದೆಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದೆಡೆ. ಜಜ್ಜಿದಾಗ ಎರಡೂ ಸೇರಿ ಗ್ಲೂಕೋಸ್, ಬೆನ್ಜಾಲ್ಡಿಹೈಡ್, ಹೈಡ್ರೋಜನ್ ಸಯನೈಡ್ ಹೊರಬರುತ್ತವೆ. ಲೀಬಿಗ್ ಮತ್ತು ವ್ಯೋಲರ್ 1837ರಲ್ಲೇ ಇದನ್ನು ವಿವರಿಸಿದ್ದರು. ಸಾಸಿವೆಯ ಘಾಟೂ ಇದೇ ಜಾತಿಯ ಏರ್ಪಾಡು: ಗ್ಲೂಕೋಸಿನೊಲೇಟ್ ಒಂದು ಕಡೆ, ಮೈರೋಸಿನೇಸ್ ಇನ್ನೊಂದು ಕಡೆ. ಸಸ್ಯ ರಸಾಯನದಲ್ಲಿ ಒಂದು ವಸ್ತು ಇದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯವಲ್ಲ, ಅದು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಬ್ಯಾಕ್ಟೀರಿಯಾದ ಬಫರ್ ನಿಮಗೆ ಕೈಕೊಟ್ಟಿದ್ದು ಇಲ್ಲೇ. ಇಷ್ಟೊಂದು ಫೀನಾಲ್ ತುಂಬಿದ, ಹುಳಿಯಾದ ಚೀಲವೊಂದು ಒಡೆದು ಚೆಲ್ಲುತ್ತದೆ ಎಂಬ ಲೆಕ್ಕ ಆ ಬಫರಿನಲ್ಲಿ ಇಲ್ಲ.

ಈಗ ಕೆಲಸಕ್ಕೆ ಬರೋಣ. ಅರೆಯುವ ಹಂತದಲ್ಲೇ ಅರ್ಧ ಗೆಲುವು ಇದೆ. ಖಲ್ಲನ್ನು ಮೊದಲೇ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿ. ಎಲೆ ಹಾಕಿ −196 ಡಿಗ್ರಿಯ ದ್ರವ ಸಾರಜನಕ ಸುರಿಯಿರಿ. ಸದ್ದು ನಿಂತು ಹೊಗೆ ಇಳಿಯುವಷ್ಟರಲ್ಲಿ ಎಲೆ ಗಾಜಿನಂತೆ ಪೆಡಸಾಗಿರುತ್ತದೆ, ಒತ್ತಿದರೆ ಸಾಕು, ಮುರಿಯುತ್ತದೆ. ಮತ್ತೆ ಸ್ವಲ್ಪ ಸಾರಜನಕ ಸುರಿದು, ಮೈದಾದಷ್ಟು ನುಣುಪಾದ ತಿಳಿ ಹಸಿರು ಪುಡಿ ಆಗುವ ತನಕ ಅರೆಯಿರಿ. ಈ ಪುಡಿಯ ಬಣ್ಣದ ಮೇಲೆ ಕಣ್ಣಿರಲಿ. ತಿಳಿ ಹಸಿರಾಗಿ, ಒಣಗಿ ಉದುರುತ್ತಿದ್ದರೆ ಸರಿಯಾಗಿದೆ. ಅಂಚಿನಲ್ಲಿ ಒದ್ದೆಯಾಗಿ ಕಡು ಹಸಿರಾಗತೊಡಗಿತೆಂದರೆ ಅಲ್ಲಿ ಪುಡಿ ಕರಗುತ್ತಿದೆ, ಕ್ರಿಯೆ ಶುರುವಾಗಿದೆ. ಪುಡಿ ಕರಗುವುದೇನಿದ್ದರೂ ಬಫರಿನೊಳಗೇ ಆಗಬೇಕು. ಹೆಪ್ಪುಗಟ್ಟಿದ ಪುಡಿಯನ್ನೇ ತಣ್ಣನೆಯ ಬಫರಿಗೆ ಸುರಿದು ಕಲಕಿ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಕಿಟಕಿ ಮುಚ್ಚಿದ ಸಣ್ಣ ಕೋಣೆಯೂ ಬೇಡ, ಆವಿಯಾಗುವ ಸಾರಜನಕ ಆಕ್ಸಿಜನ್ನನ್ನು ಹೊರದಬ್ಬುತ್ತದೆ.

ಬಫರ್ ಗಟ್ಟಿಯಾಗಿರಲಿ, 100 ಮಿಲಿಮೋಲಾರ್ ಆಸುಪಾಸು. 10 ಮಿಲಿಮೋಲಾರ್ ಬಫರ್ ರಸದಾನಿಯ ಹುಳಿಯನ್ನು ತಡೆದುಕೊಳ್ಳುವುದು ಕಷ್ಟ. ಅರೆದ ಮೇಲೆ ರಸದ ಪಿಎಚ್ ಒಮ್ಮೆ ಅಳೆದು ನೋಡಿ; ಇದನ್ನು ತುಂಬ ಜನ ಮಾಡುವುದೇ ಇಲ್ಲ. ಟ್ರಿಸ್ ಎಂಬ ಬಫರ್ ಬಳಸುತ್ತಿದ್ದರೆ ಇನ್ನೊಂದು ವಿಷಯ: ಅದರ ಪಿಎಚ್ ಒಂದು ಡಿಗ್ರಿಗೆ ಸುಮಾರು 0.03ರಂತೆ ಜಾರುತ್ತದೆ. 25 ಡಿಗ್ರಿಯಲ್ಲಿ 8.0 ಎಂದು ಹೊಂದಿಸಿಟ್ಟದ್ದು 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ 8.6 ಆಗಿರುತ್ತದೆ. ಯಾವ ಉಷ್ಣತೆಯಲ್ಲಿ ಬಳಸುತ್ತೀರೋ ಆ ಉಷ್ಣತೆಯಲ್ಲೇ ಹೊಂದಿಸಿ.

ಫೀನಾಲ್ ಹಿಡಿಯಲು ಪಿವಿಪಿಪಿ. ನೀರಿನಲ್ಲಿ ಕರಗದ ಪುಡಿ ಇದು. ಫೀನಾಲ್‌ಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡು ಸೆಂಟ್ರಿಫ್ಯೂಜಿನಲ್ಲಿ ತಳಕ್ಕೆ ಹೋಗುತ್ತದೆ. ನೂರಕ್ಕೆ ಒಂದೆರಡು ಪಾಲು ಸಾಕು, ಆದರೆ ಹಿಂದಿನ ರಾತ್ರಿಯೇ ಬಫರಿನಲ್ಲಿ ನೆನೆಹಾಕಿ. ಹುಟ್ಟಿದ ಕ್ವಿನೋನನ್ನು ವಾಪಸ್ ಫೀನಾಲ್ ಮಾಡಲು ಆಸ್ಕೋರ್ಬಿಕ್ ಆಮ್ಲ; ಅದನ್ನು ಹಾಕಿದ ಮೇಲೆ ಪಿಎಚ್ ಮತ್ತೆ ಸರಿಮಾಡಬೇಕು. ಸಿಸ್ಟೀನ್‌ಗಳನ್ನು ಕಾಯಲು ಡಿಟಿಟಿ ಅಥವಾ ಮರ್ಕ್ಯಾಪ್ಟೊಎಥನಾಲ್. ಪ್ರೋಟಿಯೇಸ್‌ಗಳನ್ನು ತಡೆಯಲು ಪಿಎಂಎಸ್‌ಎಫ್, ಆದರೆ ಅದು ನೀರಿನಲ್ಲಿ ಬೇಗ ಒಡೆದುಹೋಗುತ್ತದೆ, ಪಿಎಚ್ 8ರಲ್ಲಂತೂ ಒಂದು ಗಂಟೆಯೂ ಬಾಳುವುದಿಲ್ಲ. ಐಸೊಪ್ರೊಪನಾಲಿನಲ್ಲಿ ಕರಗಿಸಿಟ್ಟುಕೊಂಡು ಅರೆಯುವ ಹೊತ್ತಿಗೆ ಸೇರಿಸಿ, ವಿಷ, ಜೋಪಾನ. ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಎಲ್ಲರೂ ಹಾಕುತ್ತಾರೆಂದು ನೀವೂ ಹಾಕಬೇಡಿ. ನಿಮ್ಮ ಕಿಣ್ವಕ್ಕೆ ಲೋಹದ ಅಯಾನು ಬೇಕಿದ್ದರೆ ಅದನ್ನೂ ಇಡಿಟಿಎ ಕಿತ್ತುಕೊಳ್ಳುತ್ತದೆ.

ಸೆಂಟ್ರಿಫ್ಯೂಜ್ ಆದ ಕೂಡಲೇ ತಿಳಿಯನ್ನು ಸೆಫಾಡೆಕ್ಸ್ ಜಿ–25 ಎಂಬ ರಂಧ್ರವಿರುವ ಸಣ್ಣ ಮಣಿಗಳು ತುಂಬಿದ ಕಾಲಮ್ಮಿನಲ್ಲಿ ಇಳಿಸಿ. ಪ್ರೋಟೀನ್ ಮಣಿಗಳ ರಂಧ್ರಕ್ಕೆ ಹಿಡಿಸದೆ ಮೊದಲು ಹೊರಬರುತ್ತದೆ, ಸಣ್ಣ ಅಣುಗಳು ಮಣಿಯೊಳಗೆ ಸುತ್ತಿ ಹಿಂದೆ ಉಳಿಯುತ್ತವೆ. ಉಳಿದ ಫೀನಾಲ್, ಆಸ್ಕೋರ್ಬೇಟ್, ಗಿಡದ್ದೇ ಆದ ಸಬ್‌ಸ್ಟ್ರೇಟ್ (ಕಿಣ್ವ ಕೆಲಸ ಮಾಡುವ ವಸ್ತು) ಎಲ್ಲವೂ ಇಲ್ಲಿ ಬೇರೆಯಾಗುತ್ತವೆ. ನನಗೆ ಒಂದೇ ಒಂದು ಹಂತ ಉಳಿಸಿಕೊಳ್ಳಲು ಅವಕಾಶವಿದ್ದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಇಷ್ಟಾದರೂ ಸೊನ್ನೆ ಬಂದರೆ? ಕಿಣ್ವ ಇಲ್ಲವೆಂದು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನೀವು ಚಟುವಟಿಕೆ ಅಳೆಯುವ ಅದೇ ವಿಧಾನದಲ್ಲಿ (ಅಸೇ) ಚೆನ್ನಾಗಿ ಕೆಲಸ ಮಾಡುವ ಶುದ್ಧ ಕಿಣ್ವ ಸಿಕ್ಕರೆ ಅದರ ಚಟುವಟಿಕೆಯನ್ನು ಬರೀ ಬಫರಿನಲ್ಲಿ ಅಳೆಯಿರಿ, ಆಮೇಲೆ ನಿಮ್ಮ ಎಲೆರಸ ಬೆರೆಸಿ ಅಳೆಯಿರಿ. ರಸ ಸೇರಿದ ಮೇಲೆ ಅದೂ ಬಿದ್ದುಹೋದರೆ ತಪ್ಪು ರಸದಲ್ಲಿದೆ, ಅದರಲ್ಲಿ ಏನೋ ತಡೆಯುತ್ತಿದೆ. ಬೀಳದಿದ್ದರೆ ನಿಮ್ಮ ಸೊನ್ನೆಗೆ ಅರ್ಥ ಬರುತ್ತದೆ. ರಸವನ್ನು ತೆಳು ಮಾಡಿದಾಗ ಚಟುವಟಿಕೆ ಹೆಚ್ಚಿದರೆ ಅದೂ ತಡೆಯುವ ವಸ್ತುವಿನ ಸುಳಿವೇ. ಹೋಲಿಕೆಗೆ, ಕುದಿಸಿ ಕಿಣ್ವ ಕೆಡಿಸಿದ ರಸದ ಬ್ಲ್ಯಾಂಕ್ ಪ್ರತಿ ಸಲವೂ ಇರಲಿ. ಪ್ರೋಟೀನ್ ಅಳೆಯಲು ಲೌರಿ ವಿಧಾನ ಬೇಡ. ಅದರ ಫೋಲಿನ್ ರಿಯೇಜೆಂಟ್ ಫೀನಾಲ್‌ಗೂ ಬಣ್ಣ ಕೊಡುತ್ತದೆ, ಇಲ್ಲದ ಪ್ರೋಟೀನ್ ಇದ್ದಂತೆ ಕಾಣುತ್ತದೆ. ಬ್ರಾಡ್‌ಫರ್ಡ್ ವಿಧಾನ ಮೇಲು, ಅದನ್ನೂ ಕಾಲಮ್ಮಿನಿಂದ ಇಳಿದ ರಸದಲ್ಲೇ ಮಾಡಿ.

ಇನ್ನು ಎಲೆ ಎಳೆಯದೋ ಬಲಿತದ್ದೋ, ಗಿಡದ ಬೇರೆ ಭಾಗ ಬಿಟ್ಟು ಎಲೆಯೇ ಏಕೆ ಎಂಬುದನ್ನು ನೀವು ಬರೆದಿಲ್ಲ. ಇದು ಸಣ್ಣ ವಿಷಯವಲ್ಲ. ಹಸಿರು ಎಲೆಯಲ್ಲಿ ಕರಗುವ ಪ್ರೋಟೀನಿನ ಅರ್ಧದಷ್ಟು ಭಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ಒಂದೇ ಇರಬಹುದು, ಉಳಿದ ಸಾವಿರಾರು ಕಿಣ್ವಗಳು ಮಿಕ್ಕಿದ್ದರಲ್ಲಿ ಹಂಚಿಕೊಳ್ಳಬೇಕು. ಕಿಣ್ವಗಳು ಪ್ರೋಟೀನ್ ಎಂದು ಮೊದಲು ತೋರಿಸಿಕೊಟ್ಟ ಜೇಮ್ಸ್ ಸಮ್ನರ್ ಎಲೆಯ ತಂಟೆಗೇ ಹೋಗಲಿಲ್ಲ. ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಲ್ಲಿ ಯೂರಿಯಾ ಒಡೆಯುವ ಯೂರಿಯೇಸ್ ಕಿಣ್ವ ಹೇರಳವಾಗಿದೆ ಎಂದು ಅದನ್ನೇ ಆರಿಸಿಕೊಂಡರು. ಹದಿಹರೆಯದಲ್ಲೇ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಮನುಷ್ಯ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1917ರಲ್ಲಿ ಶುರುಮಾಡಿ ಒಂಬತ್ತು ವರ್ಷ ಅದೊಂದನ್ನೇ ಹಿಡಿದು ಕೂತರು. ಕೊನೆಗೆ ಕೆಲಸ ಕೊಟ್ಟದ್ದು ತೀರಾ ಸರಳವಾದ ಬದಲಾವಣೆ: ಆಲ್ಕೋಹಾಲಿನ ಬದಲು ತೆಳು ಅಸಿಟೋನಿನಲ್ಲಿ ಕಾಳಿನ ಹಿಟ್ಟನ್ನು ಕಲಕಿ, ಸೋಸಿ, ತಂಪಿನಲ್ಲಿ ರಾತ್ರಿಯಿಡೀ ಇಟ್ಟರು. ಮರುದಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಣ್ಣ ಹರಳುಗಳು. ಅದು 1926. ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ ವಿಲ್‌ಸ್ಟೆಟರ್ ಕಿಣ್ವ ಪ್ರೋಟೀನ್ ಅಲ್ಲವೆಂದು ವಾದಿಸುತ್ತಿದ್ದುದರಿಂದ ಸಮ್ನರ್ ಮಾತನ್ನು ಒಪ್ಪಲು ಜನಕ್ಕೆ ವರ್ಷಗಳೇ ಹಿಡಿದವು. ನೊಬೆಲ್ ಬಂದದ್ದು 1946ರಲ್ಲಿ. ಅವರಿಂದ ನೀವು ಎರವಲು ಪಡೆಯಬೇಕಾದ್ದು ಆ ಆಯ್ಕೆಯನ್ನು. ನಿಮ್ಮ ಕಿಣ್ವ ಎಳೆ ಎಲೆಯಲ್ಲೋ, ಮೊಳಕೆ ಬೀಜದಲ್ಲೋ, ಬೇರಿನಲ್ಲೋ ಸಿಗುವ ಹಾಗಿದ್ದರೆ ಬಲಿತ ಎಲೆಯ ಟ್ಯಾನಿನ್ ಜೊತೆ ಏಕೆ ಗುದ್ದಾಡಬೇಕು?

ಬ್ಯಾಕ್ಟೀರಿಯಾದ ಪ್ರಶ್ನೆಗೆ ಬರುತ್ತೇನೆ. ಇ. ಕೋಲಿಯಲ್ಲಿ ಮಾಡಿಸುವುದು ಒಳ್ಳೆಯ ವಿಧಾನವೇ, ನಾವೂ ಮಾಡುತ್ತೇವೆ. ಶುದ್ಧ ಕಿಣ್ವ ಮಿಲಿಗ್ರಾಂಗಟ್ಟಲೆ ಸಿಗುತ್ತದೆ, ಕಿಣ್ವ ನಡೆಸುವ ಕ್ರಿಯೆಯ ವೇಗವನ್ನು ಅಚ್ಚುಕಟ್ಟಾಗಿ ಅಳೆಯಬಹುದು. ಆದರೆ ಅದರಿಂದ ತಿಳಿಯುವುದು ಆ ಪ್ರೋಟೀನ್ ಏನು ಮಾಡಬಲ್ಲದು ಎಂಬುದು. ಗಿಡದೊಳಗೆ ಅದು ಏನು ಮಾಡುತ್ತಿದೆ ಎಂಬುದಲ್ಲ. ಎಷ್ಟೋ ಸಸ್ಯ ಕಿಣ್ವಗಳು ಟ್ಯೂಬಿನಲ್ಲಿ ಕೊಟ್ಟ ಹತ್ತಾರು ಸಬ್‌ಸ್ಟ್ರೇಟನ್ನು ಒಪ್ಪಿಕೊಳ್ಳುತ್ತವೆ. ಗಿಡದಲ್ಲಿ ಅವುಗಳಿಗೆ ಸಿಗುವುದು ಒಂದೋ ಎರಡೋ. ಪೊರೆಗೆ ಅಂಟಿಕೊಂಡಿರುವ ಪಿ450 ಜಾತಿಯ ಕಿಣ್ವವಾದರೆ, ಸಕ್ಕರೆ ಸರಪಳಿ ಹೊತ್ತ ಕಿಣ್ವವಾದರೆ, ಇ. ಕೋಲಿಯಲ್ಲೂ ತಾಪತ್ರಯ ತಪ್ಪಿದ್ದಲ್ಲ.

ಕಾಶಿ ಕಣಗಿಲೆಯ ವಿನ್‌ಬ್ಲಾಸ್ಟಿನ್ ನೋಡಿ, ಕ್ಯಾನ್ಸರ್ ಔಷಧಿ. ಅದರ ಸಂಶ್ಲೇಷಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಹಂತಗಳಿವೆ. ಮೊದಲ ಹಂತಗಳು ಆಹಾರ ಸಾಗಿಸುವ ಫ್ಲೋಯಮ್ ಪಕ್ಕದ ಕೋಶಗಳಲ್ಲಿ, ನಡುವಿನವು ಹೊರಪದರದ ಕೋಶಗಳಲ್ಲಿ, ಕೊನೆಯವು ಬೇರೆಯೇ ಬಗೆಯ ಕೋಶಗಳಲ್ಲಿ. ಈ ದಾರಿಯ ನಡುವೆ ಬರುವ ಸ್ಟ್ರಿಕ್ಟೊಸಿಡಿನ್ ಎಂಬ ವಸ್ತುವನ್ನು ತಯಾರಿಸುವ ಕಿಣ್ವ ರಸದಾನಿಯಲ್ಲಿದೆ, ಅದನ್ನು ಮುಂದಕ್ಕೆ ಒಡೆಯುವ ಗ್ಲೂಕೊಸಿಡೇಸ್ ಕೋಶಕೇಂದ್ರದಲ್ಲಿದೆ! ಇದನ್ನೆಲ್ಲ ಗಿಡವನ್ನೇ ಹಿಡಿದು ಕೂತವರು ಬಿಡಿಸಿದರು. ಸಸ್ಯ ರಸಾಯನ ವಿಜ್ಞಾನಿ ಸಾರಾ ಓಕಾನರ್ ಅವರ ತಂಡ ಉಳಿದಿದ್ದ ಕಿಣ್ವಗಳನ್ನು 2018ರಲ್ಲಿ ಪ್ರಕಟಿಸಿತು. ಅದಾದ ಮೇಲೆಯೇ, 2022ರಲ್ಲಿ, ಯೀಸ್ಟಿನಲ್ಲಿ ಅದರ ಎರಡು ಅರ್ಧಗಳನ್ನು ತಯಾರಿಸಿ ರಾಸಾಯನಿಕವಾಗಿ ಜೋಡಿಸಲು ಸಾಧ್ಯವಾದದ್ದು. ಸೂಕ್ಷ್ಮಜೀವಿಗೆ ಏನು ಹಾಕಬೇಕೆಂದು ಹೇಳಿಕೊಟ್ಟದ್ದು ಗಿಡ.

ಹಾಗಾಗಿ ನನ್ನ ಸಲಹೆ: ಎರಡನ್ನೂ ಮಾಡಿ, ಆದರೆ ಗಿಡದಿಂದ ಶುರುಮಾಡಿ. ಸಮಯ ಕಡಿಮೆ ಇದ್ದರೆ ಕಚ್ಚಾ ರಸದಲ್ಲೇ, ಕಾಲಮ್ಮಿನಿಂದ ಇಳಿಸಿದ ಮೇಲೆ, ಚಟುವಟಿಕೆ ನಂಬುವಂತೆ ತೋರಿಸಿದರೂ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದು ಘನವಾದ ಕೆಲಸ. ಆಮೇಲೆ ಇ. ಕೋಲಿಯ ಕಿಣ್ವದ ಜೊತೆ ಹೋಲಿಸಿ ನೋಡಿ; ಎರಡರ ನಡುವೆ ವ್ಯತ್ಯಾಸ ಕಂಡರೆ ಅದನ್ನು ಬದಿಗೆ ತಳ್ಳಬೇಡಿ, ಅಲ್ಲೇ ಹೊಸ ಪ್ರಶ್ನೆ ಇರುತ್ತದೆ.

ಯಾವ ಸಸ್ಯ, ಎಲೆ ಎಳೆಯದೋ ಬಲಿತದ್ದೋ, ಯಾವ ಕಿಣ್ವ, ಬಫರಿನಲ್ಲಿ ಏನೇನಿದೆ, ಅರೆದ ಮೇಲೆ ರಸದ ಪಿಎಚ್ ಎಷ್ಟು, ಇವಿಷ್ಟನ್ನು ಬರೆದು ತಿಳಿಸಿದರೆ ಇನ್ನೂ ಖಚಿತವಾಗಿ ಹೇಳಬಲ್ಲೆ.