ನನ್ನ ಹತ್ತಿರ 'ಡೈಫ್ಕೆನ್ 1606' ಅಂತ ಬರೆದಿರುವ ಮರದ ಹಡಗಿನ ಮಾದರಿ ಇದೆ. ಇದರ ಹಿಂದಿನ ನಿಜವಾದ ಚರಿತ್ರೆ ಹುಡುಕೋದು ಹೇಗೆ?

ನಿಮ್ಮ ಮಾವ ಆಸ್ಟ್ರೇಲಿಯಾದಿಂದ ತಂದದ್ದು, ಪೀಠದ ಮೇಲೆ ಹೆಸರು ಮತ್ತು ಇಸವಿ ಬಿಟ್ಟು ಬೇರೇನೂ ಇಲ್ಲ ಅಂದಿದ್ದೀರಿ. ಜೊತೆಗೆ ಮಾದರಿ ಎಷ್ಟು ನಿಖರ ಅಂತಲೂ ಕೇಳಿದ್ದೀರಿ. ಆ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಅಂತ ತಾನಾಗಿ ತಿಳಿಯುತ್ತದೆ.

ನಾನು ಸಿಡ್ನಿಯಲ್ಲಿದ್ದೇನೆ. ನನ್ನ ಕೆಲಸಕ್ಕೂ ಹಡಗಿಗೂ ಏನೂ ಸಂಬಂಧ ಇಲ್ಲ. ಇದೇ ಹಡಗಿನ ಮಾದರಿ ಮಾಡೋಣ ಅಂತ ಹೊರಟು, ಮರಕ್ಕಿಂತ ಜಾಸ್ತಿ ಹಳೇ ಕಾಗದಗಳ ಹಿಂದೆ ಬಿದ್ದವನು, ಅಷ್ಟೇ.

ಪೀಠದ ಮೇಲೆ 1606 ಅಂತ ಇದ್ದರೂ ನಿಮ್ಮ ಮಾದರಿಯನ್ನು ಮಾಡಿರುವುದು ಬಹುಮಟ್ಟಿಗೆ 1999ರಲ್ಲಿ ನೀರಿಗಿಳಿದ ಒಂದು ಹಡಗನ್ನು ನೋಡಿ. ಮೂಲ ಡೈಫ್ಕೆನ್ 1606ರಲ್ಲಿ ಆಸ್ಟ್ರೇಲಿಯಾ ಮುಟ್ಟಿದ ಡಚ್ ಹಡಗು. ಅದಕ್ಕೆ ನಕಾಶೆಯೇ ಇಲ್ಲ. ಕಳೆದುಹೋಗಿದೆ ಅಂತಲ್ಲ, ಬರೆದೇ ಇರಲಿಕ್ಕಿಲ್ಲ. 1590ರ ದಶಕದ ಡಚ್ ಹಡಗು ಬಡಗಿಗಳು ಕಾಗದದ ಮೇಲೆ ಗೆರೆ ಎಳೆದು ಕೆಲಸ ಮಾಡುವವರಲ್ಲ. ಉದ್ದ ಇಷ್ಟು, ಅಗಲ ಇಷ್ಟು, ಆಳ ಇಷ್ಟು ಅಂತ ಮಾತಾಗುತ್ತಿತ್ತು, ಉಳಿದದ್ದೆಲ್ಲ ಮೇಸ್ತ್ರಿಯ ಕಣ್ಣಂದಾಜು. ಡಚ್ ಭಾಷೆಯಲ್ಲಿ ಹಡಗು ಕಟ್ಟುವ ವಿಧಾನದ ಬಗ್ಗೆ ಮೊದಲ ದೊಡ್ಡ ಪುಸ್ತಕ ಅಚ್ಚಾದದ್ದೇ 1671ರಲ್ಲಿ, ನಿಕೋಲಾಸ್ ವಿಟ್ಸೆನ್ ಬರೆದದ್ದು. ಅಷ್ಟೊತ್ತಿಗೆ ಈ ಪುಟ್ಟ ಹಡಗು ಹಾಳಾಗಿ ಅರವತ್ತು ವರ್ಷ ಕಳೆದಿತ್ತು.

ಅವರು ಕಟ್ಟುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು, ಯಾಕಂದ್ರೆ ಮಾದರಿ ಮಾಡುವವರು ಸಾಮಾನ್ಯವಾಗಿ ಇದರ ತಿರುಗಾಮುರುಗಾ ಮಾಡುತ್ತಾರೆ. ಕಿಟ್ ಕೊಂಡರೆ ಮೊದಲು ಪಕ್ಕೆಲುಬಿನಂಥ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಹಲಗೆ ಅಂಟಿಸುತ್ತೀರಿ, ಅಲ್ವಾ? ಆ ಕಾಲದ ಹಾಲೆಂಡಿನಲ್ಲಿ ಮೊದಲು ಹಲಗೆ. ಕೆಳಗಿನ ಅಡಿಮರ ಇಟ್ಟು, ಅದರ ಎರಡೂ ಪಕ್ಕಕ್ಕೆ ತಳದ ಹಲಗೆಗಳನ್ನು ಅಂಚಿಗೆ ಅಂಚು ಸೇರಿಸುತ್ತಾ ಹೋಗುವುದು. ಅವು ಜಾರದಂತೆ ಅಡ್ಡಲಾಗಿ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಮೊಳೆ ಹೊಡೆದು ಹಿಡಿದಿಡುವುದು. ತಳದ ಆಕಾರ ಬಂದ ಮೇಲೆ ಒಳಗಿನ ಅಡ್ಡಮರಗಳನ್ನು ಕೂರಿಸಿ, ಪಟ್ಟಿಗಳನ್ನು ಕಿತ್ತು, ಮೊಳೆಯ ತೂತುಗಳಿಗೆ ಬೆರಳಿಗಿಂತ ಸಣ್ಣ ಮರದ ಗೂಟ ಬಡಿದು ಮುಚ್ಚುವುದು. ಸಮುದ್ರದಲ್ಲಿ ಸಿಕ್ಕ ಹಳೇ ಡಚ್ ಹಡಗುಗಳ ಹಲಗೆಗಳಲ್ಲಿ ಆ ಗೂಟಗಳ ಸಾಲು ಇವತ್ತಿಗೂ ಕಾಣುತ್ತದೆ. ಯಾವ ಕಾಗದದಲ್ಲೂ ಬರೆಯದ ಕೆಲಸದ ಕ್ರಮ ಆ ತೂತುಗಳಲ್ಲಿ ಉಳಿದುಕೊಂಡಿದೆ. ನನಗಂತೂ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

1997ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಡೈಫ್ಕೆನ್ ಪ್ರತಿಕೃತಿ ಕಟ್ಟಲು ಹೊರಟವರ ಮುಂದೆ ಇದ್ದ ಸಾಮಗ್ರಿಯೂ ಇಂಥದ್ದೇ: ಆ ಕಾಲದ ಚಿತ್ರಗಳು, ಅಳತೆಯ ಲೆಕ್ಕಾಚಾರ, ಮುಳುಗಿದ ಹಡಗುಗಳ ಅವಶೇಷ. ವಿನ್ಯಾಸ ನಿಕ್ ಬರ್ನಿಂಗ್‌ಹ್ಯಾಮ್ ಅವರದ್ದು, ಮುಖ್ಯ ಬಡಗಿ ಬಿಲ್ ಲಿಯೊನಾರ್ಡ್. ಓಕ್ ಮರ ಲಾಟ್ವಿಯಾದಿಂದ ಬಂತು. ಅವರೂ ಹಲಗೆ ಮೊದಲು ಅನ್ನುವ ಹಳೇ ಕ್ರಮದಲ್ಲೇ ಕಟ್ಟಿದರು. ದಪ್ಪ ಓಕ್ ಹಲಗೆಯನ್ನು ಬಯಲಿನಲ್ಲಿ ಬೆಂಕಿ ಹಾಕಿ ಕಾಯಿಸಿ ಬಗ್ಗಿಸಿ, ಬಿಸಿ ಆರುವ ಮುಂಚೆಯೇ ಒಯ್ದು ಜಾಗಕ್ಕೆ ಬಿಗಿದರು. ಒಡಲಿನ ಉದ್ದ ಸುಮಾರು 20 ಮೀಟರ್, ಅಗಲ ಸುಮಾರು 6 ಮೀಟರ್. ಇಷ್ಟರಲ್ಲಿ ಜಗತ್ತಿನ ಅರ್ಧ ಸುತ್ತು! ಅದು 1999ರ ಜನವರಿಯಲ್ಲಿ ನೀರಿಗಿಳಿಯಿತು. ಈಗ ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ನಲ್ಲಿ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದ ಕಟ್ಟೆಗೆ ಕಟ್ಟಿದ್ದಾರೆ. ನೀವು ಅಂಗಡಿಯಲ್ಲಿ ನೋಡುವ 'ಡೈಫ್ಕೆನ್'ಗಳಲ್ಲಿ ಬಹುಪಾಲು ಇದರ ಮರಿಗಳು.

ಹಾಗಾಗಿ ನೀವು ಹುಡುಕಬೇಕಾದದ್ದು ಎರಡು ಚರಿತ್ರೆ. 1999ರದ್ದು ಸುಲಭ, ಬೇಕಾದಷ್ಟು ಫೋಟೋ, ಬರಹ ಇದೆ. 1606ರದ್ದೇ ಕಷ್ಟ. ಅದರ ಮಜಾನೂ ಅಲ್ಲೇ ಇರೋದು.

ಕಥೆ ಚಿಕ್ಕದು. ಡಚ್ ಈಸ್ಟ್ ಇಂಡಿಯಾ ಕಂಪನಿ 1602ರಲ್ಲಿ ಹುಟ್ಟಿತು. 1603ರ ಡಿಸೆಂಬರ್‌ನಲ್ಲಿ ಸ್ಟೀವನ್ ವಾನ್ ಡೆರ್ ಹಾಗೆನ್ ಎಂಬಾತನ ಕೈಕೆಳಗೆ ಹನ್ನೆರಡು ಹಡಗುಗಳ ಪಡೆ ಹೊರಟಿತು. ಅದರಲ್ಲಿ ಇದೂ ಒಂದು, ಕಪ್ತಾನ ವಿಲ್ಲೆಮ್ ಯಾನ್ಸ್‌ಝೋನ್. (ಈ ವಾನ್ ಡೆರ್ ಹಾಗೆನ್ ದಾರಿಯಲ್ಲಿ 1604ರ ನವೆಂಬರ್‌ನಲ್ಲಿ ಕಲ್ಲಿಕೋಟೆಯ ರಾಜ ಸಾಮೂದಿರಿ ಜೊತೆ ಪೋರ್ಚುಗೀಸರ ವಿರುದ್ಧ ಒಪ್ಪಂದ ಮಾಡಿಕೊಂಡ. ನಮ್ಮ ಕರಾವಳಿಗೆ ಅಷ್ಟು ಹತ್ತಿರ ಬಂದ ಪಡೆ ಅದು.) 1605ರ ನವೆಂಬರ್‌ನಲ್ಲಿ ಡೈಫ್ಕೆನ್ ಜಾವಾದ ಬಾಂಟಮ್‌ನಿಂದ ನ್ಯೂ ಗಿನಿಯನ್ನು ನೋಡಿಕೊಂಡು ಬರಲು ಹೊರಟಿತು. 1606ರ ಆರಂಭದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಕೇಪ್ ಯಾರ್ಕ್‌ನ ಪಶ್ಚಿಮ ತೀರ ಮುಟ್ಟಿತು. ಈಗಿನ ಪೆನ್ನೆಫಾದರ್ ನದಿಯ ಬಾಯಿ ಅದು. ಸುಮಾರು 300 ಕಿಲೋಮೀಟರ್ ತೀರದ ನಕ್ಷೆ ಮಾಡಿಕೊಂಡು ವಾಪಸ್ಸಾಯಿತು. ಯುರೋಪಿಯನ್ನರು ಆಸ್ಟ್ರೇಲಿಯಾ ನೋಡಿದ್ದಕ್ಕೆ ದಾಖಲೆ ಇರುವ ಮೊದಲ ಸಲ ಇದು. ಯಾನ್ಸ್‌ಝೋನ್‌ಗೆ ಮಾತ್ರ ತಾನು ಹೊಸ ಖಂಡ ನೋಡಿದೆ ಅಂತ ಗೊತ್ತೇ ಇರಲಿಲ್ಲ, ನ್ಯೂ ಗಿನಿಯೇ ಮುಂದುವರಿದಿದೆ ಅಂದುಕೊಂಡ. ನಡುವಿನ ಜಲಸಂಧಿಯಲ್ಲಿ ಅದೇ ವರ್ಷ ಕೆಲವೇ ತಿಂಗಳ ನಂತರ ಸ್ಪೇನ್ ಕಡೆಯ ಟೊರೆಸ್ ಹಾದುಹೋದ. ಇವರಿಬ್ಬರಿಗೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲ.

ಈಗ ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಹಡಗಿನ ದಿನಚರಿ ಉಳಿದಿಲ್ಲ. ಉಳಿದಿರುವುದು ಚೂರುಪಾರು.

ಒಂದು ಚೂರು ಪ್ರತಿಸ್ಪರ್ಧಿ ಕಂಪನಿಯವನದ್ದು. ಬಾಂಟಮ್‌ನಲ್ಲಿದ್ದ ಇಂಗ್ಲಿಷ್ ವ್ಯಾಪಾರಿ ಜಾನ್ ಸ್ಯಾರಿಸ್, ಡಚ್ಚರ ಚಿಕ್ಕ ಹಡಗೊಂದು ನ್ಯೂ ಗಿನಿ ಹುಡುಕಲು 1605ರ ನವೆಂಬರ್ 18ರಂದು ಹೊರಟಿತು ಅಂತ ಟಿಪ್ಪಣಿ ಬರೆದಿಟ್ಟುಕೊಂಡ. ಅದು ಹಿಂದಿರುಗಿದ ಸುದ್ದಿ ಅವನಿಗೆ ಸಿಕ್ಕಿದ್ದು 1606ರ ಜೂನ್‌ನಲ್ಲಿ, ಬಾಂದಾ ದ್ವೀಪದಿಂದ ಬಂದ ಒಬ್ಬ ನಾಖುದನ, ಅಂದರೆ ಹಡಗಿನ ಯಜಮಾನನ ಬಾಯಿಂದ. ಅವನು ಯಾರು ಅಂದುಕೊಂಡಿರಿ? ದಕ್ಷಿಣ ಭಾರತದವನು! ಸ್ಯಾರಿಸ್ ಅವನನ್ನು ಕ್ಲಿಂಗ್ ಜನದವನು ಅಂತ ಬರೆದಿದ್ದಾನೆ, ಆಗ್ನೇಯ ಏಷ್ಯಾದಲ್ಲಿ ತಮಿಳು ಕಡೆಯ ವ್ಯಾಪಾರಿಗಳನ್ನು ಹಾಗೇ ಕರೆಯುತ್ತಿದ್ದರು. ಹೆಸರು ತಿಂಗಲ್ ಅಂತ ಕೊಟ್ಟಿದ್ದಾನೆ. ಡಚ್ಚರು ಆ ನಾಡನ್ನು ಕಂಡರು, ದಡಕ್ಕೆ ಇಳಿದವರಲ್ಲಿ ಒಂಬತ್ತು ಜನ ಸತ್ತರು ಅಂತ ಹೇಳಿದವನು ಇವನೇ. ಆಸ್ಟ್ರೇಲಿಯಾದ ಲಿಖಿತ ಚರಿತ್ರೆಯ ಮೊದಲ ಸುದ್ದಿಗಾರ ನಮ್ಮ ಕಡೆಯ ಒಬ್ಬ ಹಡಗಿನವನು ಅನ್ನೋದನ್ನ ಶಾಲೆಯ ಪುಸ್ತಕದಲ್ಲಿ ಯಾಕೆ ಹಾಕಿಲ್ಲವೋ. ಸ್ಯಾರಿಸ್‌ನ ಟಿಪ್ಪಣಿ 1625ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇವತ್ತು ಪುಕ್ಕಟೆ ಓದಬಹುದು.

ಇನ್ನೊಂದು ಚೂರು ವಿಯೆನ್ನಾದಲ್ಲಿದೆ. ಯಾನ್ಸ್‌ಝೋನ್‌ನ ಮೂಲ ನಕ್ಷೆ ಹೋಯಿತು. ಆದರೆ 1670ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿನ ಶ್ರೀಮಂತ ವಕೀಲ ಲಾರೆನ್ಸ್ ವಾನ್ ಡೆರ್ ಹೆಮ್ ತನ್ನ ಭಾರೀ ನಕ್ಷೆ ಸಂಗ್ರಹಕ್ಕೆ ಅದರ ಪ್ರತಿ ಸೇರಿಸಿಕೊಂಡಿದ್ದ. ಕಂಪನಿ ಹೊರಗೆ ಬಿಡದ ನಕ್ಷೆಗಳ ಪ್ರತಿಗಳೂ ಅವನ ಕೈಗೆ ಸಿಕ್ಕಿದ್ದವು. ಸಂಗ್ರಹ ಕೈ ಬದಲಾಯಿಸಿ ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯ ಸೇರಿತು. ಡೈಫ್ಕೆನ್ ನಕ್ಷೆ ಅಚ್ಚಾಗಿ ಜನರ ಕಣ್ಣಿಗೆ ಬಿದ್ದದ್ದು 1933ರಲ್ಲಿ. ಅದರ ತಲೆಬರಹದಲ್ಲೇ ಹಡಗಿನ ಹೆಸರಿದೆ, ಹೋದ ದಾರಿ, ಬಂದ ದಾರಿ ಎರಡೂ ಇವೆ. ತೀರದ ಕೊನೆಯಲ್ಲಿ ಕೇಪ್ ಕೀರ್‌ವೀರ್, ಅಂದರೆ ಹಿಂದಿರುಗಿದ ಭೂಶಿರ. ಆ ಹೆಸರು ಇವತ್ತಿನ ನಕ್ಷೆಯಲ್ಲೂ ಇದೆ. ಈ ಪ್ರತಿಯ ಚಿತ್ರವನ್ನು ಅಂತರ್ಜಾಲದಲ್ಲಿ ತೆಗೆದು ಪಕ್ಕದಲ್ಲಿ ಉಪಗ್ರಹ ನಕ್ಷೆ ಇಟ್ಟು ನೋಡಿ. ನದಿಬಾಯಿಗಳು ಎಷ್ಟು ಚೆನ್ನಾಗಿ ಹೊಂದುತ್ತವೆ ಅಂದರೆ, ಈ ಯಾನ ನಡೆದಿತ್ತೋ ಇಲ್ಲವೋ ಅನ್ನುವ ಅನುಮಾನ ಅಲ್ಲೇ ಹೋಗುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಡಚ್ ನಕ್ಷೆಗಾರ ಹೆಸೆಲ್ ಗೆರಿಟ್ಸ್‌ನ 1622ರ ಪೆಸಿಫಿಕ್ ನಕ್ಷೆಯಲ್ಲಿ ಇದೇ ತೀರ ಇದೆ. 1623ರಲ್ಲಿ ಅದೇ ದಾರಿಯಲ್ಲಿ ಹೋದ ಯಾನ್ ಕಾರ್ಸ್ಟೆನ್ಸ್ ತನ್ನ ದಿನಚರಿಯಲ್ಲಿ, ಡೈಫ್ಕೆನ್‌ನವನೊಬ್ಬ ಸತ್ತ ನದಿಯ ಪ್ರಸ್ತಾಪ ಮಾಡುತ್ತಾನೆ. 1644ರಲ್ಲಿ ಡಚ್ ನಾವಿಕ ಟಾಸ್ಮನ್‌ಗೆ ಕಂಪನಿ ಕೊಟ್ಟ ಆಜ್ಞಾಪತ್ರದಲ್ಲಿ ಈ ಯಾನದ ಸಾರಾಂಶ ಇದೆ: ಐದು ಡಿಗ್ರಿಯಿಂದ ಹದಿಮೂರು ಮುಕ್ಕಾಲು ಡಿಗ್ರಿ ದಕ್ಷಿಣದವರೆಗೆ ಹೋದರು, ಕೆಲವರು ಕೊಲೆಯಾದರು, ಆಹಾರ ಸಾಲದೆ ವಾಪಸ್ಸಾದರು ಅಂತ. ಇದೆಲ್ಲ ಹಡಗಿನವರ ಕಡೆಯ ಮಾತು. ದಡದ ಮೇಲಿದ್ದ ಮೂಲನಿವಾಸಿ ವಿಕ್ ಜನರಲ್ಲಿ ಕೀರ್‌ವೀರ್‌ಗೆ ಬಂದ ಬಿಳಿಯರ ಬಗ್ಗೆ, ಅವರು ಹೆಂಗಸರ ಮೇಲೆ ಕೈಮಾಡಿದ್ದರಿಂದ ಜಗಳ ಆದ ಬಗ್ಗೆ ಬಾಯಿಮಾತಿನ ಕಥೆ ಉಳಿದಿದೆ. ಅದರಲ್ಲಿ ನಂತರದ ಘಟನೆಗಳೂ ಬೆರೆತಿರಬಹುದು ಅನ್ನುವವರಿದ್ದಾರೆ. ಇರಲಿ, 'ನರಭಕ್ಷಕರು ಕೊಂದರು' ಅಂತ ಬರೆದ ಸ್ಯಾರಿಸ್‌ನ ಟಿಪ್ಪಣಿಯನ್ನು ಓದುವಾಗ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಹುಡುಕುವಾಗ ಎರಡು ಕಡೆ ಎಡವಬಹುದು. ಯಾನ್ಸ್‌ಝೋನ್ ಅಂದರೆ ಯಾನ್‌ನ ಮಗ ಅಂತ ಅಷ್ಟೇ, ಹಾಗಾಗಿ ಆ ಕಾಲದ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಲ್ಲೆಮ್ ಯಾನ್ಸ್‌ಝೋನ್ ಅನ್ನುವವರು ಬೇಕಾದಷ್ಟು ಜನ. ಅದರಲ್ಲಿ ಒಬ್ಬ ಪ್ರಸಿದ್ಧ ನಕ್ಷೆಗಾರ, ಮುಂದೆ ಬ್ಲಾವ್ ಅಂತ ಹೆಸರಾದವನು. ನಕ್ಷೆ, ಯಾನ್ಸ್‌ಝೋನ್, 1606 ಅಂತ ಹಾಕಿದರೆ ಅವನೇ ಮೊದಲು ಎದುರಾಗುತ್ತಾನೆ. ಎರಡನೆಯದು, 1595ರಲ್ಲಿ ಡಚ್ಚರ ಮೊದಲ ಪೂರ್ವ ಯಾನಕ್ಕೆ ಹೋದ ನಾಲ್ಕು ಹಡಗುಗಳಲ್ಲೂ ಒಂದು ಡೈಫ್ಕೆನ್ ಇತ್ತು. ಎರಡೂ ಒಂದೇ ಹಡಗೋ ಬೇರೆಯೋ ಅನ್ನುವ ವಾದ ಇದೆ, ಎರಡನ್ನೂ ಸುಮ್ನೆ ಸೇರಿಸಿಬಿಡಬೇಡಿ. 1606ರ ಹಡಗಿನ ಕೊನೆ ಮಾತ್ರ ದಾಖಲಾಗಿದೆ: 1608ರಲ್ಲಿ ಕಾದಾಡಿ ಜರ್ಜರಿತವಾಯಿತು, ಈಗಿನ ಇಂಡೋನೇಷ್ಯಾದ ಟೆರ್ನಾಟೆಯಲ್ಲಿ ರಿಪೇರಿಗೆ ಅಂತ ಮಗ್ಗುಲು ಮಲಗಿಸಿದಾಗ ಇನ್ನಷ್ಟು ಹಾಳಾಗಿ ಅಲ್ಲಿಗೇ ಬಿಟ್ಟರು.

ಎಲ್ಲಿ ಹುಡುಕುವುದು? ಕಂಪನಿಯ ಮತ್ತು ಅದಕ್ಕಿಂತ ಮುಂಚಿನ ಡಚ್ ಹಡಗು ಯಾನಗಳ ಪಟ್ಟಿ ಅಂತರ್ಜಾಲದಲ್ಲಿ ಇದೆ, ಡಚ್ ಏಷಿಯಾಟಿಕ್ ಶಿಪ್ಪಿಂಗ್ ಅಂತ ಹೆಸರು. 1595ರಿಂದ 1795ರವರೆಗೆ ಹಾಲೆಂಡಿನಿಂದ ಹೊರಟ 4,700ಕ್ಕೂ ಹೆಚ್ಚು ಯಾನಗಳು ಅದರಲ್ಲಿವೆ. ನೀವು ಯಾವ ಡಚ್ ಹಡಗು ಹಿಡಿದು ಹೊರಟರೂ ಮೊದಲು ಅಲ್ಲಿಗೆ ಹೋಗಿ. ಮೂಲ ಕಡತಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಬಹಳಷ್ಟು ಸ್ಕ್ಯಾನ್ ಆಗಿವೆ. ಹಳೇ ಡಚ್ ಕೈಬರಹ ಮೊದಲು ಕೋಳಿ ಕೆದರಿದ ಹಾಗೆ ಕಾಣುತ್ತದೆ. ಈಗ ಗ್ಲೋಬಲೈಸ್ ಎಂಬ ಯೋಜನೆಯವರು ಲಕ್ಷಗಟ್ಟಲೆ ಪುಟಗಳನ್ನು ಕಂಪ್ಯೂಟರ್ ಕೈಲಿ ಓದಿಸಿ ಪದ ಹಾಕಿ ಹುಡುಕುವಂತೆ ಮಾಡಿದ್ದಾರೆ. 1606ರ ನಂತರದವೇ ಅದರಲ್ಲಿ ಜಾಸ್ತಿ, ಆದರೂ ಬಸ್ರೂರು, ಮಂಗಳೂರಿನ ಅಕ್ಕಿ ವ್ಯಾಪಾರ ಹುಡುಕಲು ಹೋಗಿ ರಾತ್ರಿ ಕಳೆಯುವ ಅಪಾಯ ಇದೆ. ಚಿತ್ರಗಳಿಗೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ. ಹೆಂಡ್ರಿಕ್ ವ್ರೂಮ್ ಬರೆದ 1599ರ ಹಡಗುಗಳ ಚಿತ್ರ ನೋಡಿ. ಹಗ್ಗ, ಹಾಯಿ ವಿಷಯದಲ್ಲಿ ಅವನ ಕಣ್ಣು ಚುರುಕು.

ಈಗ ನಿಮ್ಮ ಮಾದರಿಯನ್ನೇ ಕೈಗೆತ್ತಿಕೊಳ್ಳಿ. ಚುಕ್ಕಾಣಿ ತಿರುಗಿಸಲು ಚಕ್ರ ಇದ್ದರೆ ತಪ್ಪು. ಚಕ್ರ ಬಂದದ್ದು ನೂರು ವರ್ಷ ಆದ ಮೇಲೆ, ಆಗ ಇದ್ದದ್ದು ಮೇಲಿನಿಂದ ಕೆಳಕ್ಕೆ ಇಳಿಬಿಟ್ಟ ಉದ್ದನೆಯ ಕೋಲು. ತಳಕ್ಕೆ ತಾಮ್ರದ ತಗಡಿನ ಬಣ್ಣ ಹಾಕಿದ್ದರೂ ತಪ್ಪು, ಅದು ಹದಿನೆಂಟನೇ ಶತಮಾನದ್ದು. ಹಾಯಿ ಆರು ಇರಬೇಕು: ಮುಂದಿನ ಕೂವೆಗೆ (ಹಾಯಿಕಂಬಕ್ಕೆ) ಎರಡು, ನಡುವಿನದಕ್ಕೆ ಎರಡು, ಹಿಂದಿನದಕ್ಕೆ ತ್ರಿಕೋನದ್ದು ಒಂದು, ಮೂತಿಯ ಕಂಬದ ಕೆಳಗೆ ಒಂದು. ಬಾವುಟದಲ್ಲಿ ಮೇಲಿನ ಪಟ್ಟಿ ಕಿತ್ತಳೆ ಇದ್ದರೆ ಮಾಡಿದವರು ಓದಿಕೊಂಡಿದ್ದಾರೆ ಅಂತ ಅರ್ಥ, ಕೆಂಪು ಅದರ ಜಾಗಕ್ಕೆ ಬಂದದ್ದು ಮುಖ್ಯವಾಗಿ ಆಮೇಲೆ. ಅಳತೆ ಹಾಕುವುದಾದರೆ ಒಂದು ಎಚ್ಚರ: ಹಳೇ ಕಾಗದದ ಅಡಿ ಆಮ್‌ಸ್ಟರ್‌ಡ್ಯಾಮ್ ಅಡಿ, 28.3 ಸೆಂಟಿಮೀಟರ್. ನಮ್ಮ ಸ್ಕೇಲಿನ 30.48 ಹಾಕಿ ಲೆಕ್ಕ ಮಾಡಿದರೆ ಹಡಗು ಸುಮ್ನೆ ಬೆಳೆದುಬಿಡುತ್ತದೆ.

ಹಿಂಭಾಗ, ಚುಕ್ಕಾಣಿಯ ಜಾಗ, ಪೀಠದ ಅಡಿಭಾಗ, ಈ ಮೂರರ ಫೋಟೋ ಇಲ್ಲೇ ಹಾಕಿ. ಕಿಟ್‌ನಿಂದ ಮಾಡಿದ್ದೋ ಕೈಯಿಂದ ಕೆತ್ತಿದ್ದೋ ಅಂತ ಹಲಗೆ ಜೋಡಿಸಿದ ರೀತಿಯಲ್ಲೇ ಹೇಳಬಹುದು.