ಹೊಸದಾಗಿ ತಂದ ಗೇಣುದ್ದದ ಕರಿಬೇವಿನ ಗಿಡವನ್ನು ದೊಡ್ಡ ಕುಂಡದಲ್ಲಿ ನೆಟ್ಟಿದ್ದೇನೆ. ಎಲೆ ಹಳದಿಯಾಗಿ ಉದುರುತ್ತಿದೆ, ಸಂಜೆಗೆ ತುದಿ ಜೋತುಬೀಳುತ್ತದೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಿದ್ದೇನೆ. ಯಾವ ಗೊಬ್ಬರ ಕೊಡಲಿ?

ಸದ್ಯಕ್ಕೆ ಗೊಬ್ಬರ ಬೇಡ, ಒಂದು ಚಮಚವೂ ಬೇಡ. ಗೇಣುದ್ದದ ಗಿಡ, ದೊಡ್ಡ ಕುಂಡ, ದಿನಾ ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆಗೆ ಜೋತುಬೀಳುವ ತುದಿ ಅಂತ ಬರೆದಿದ್ದೀರಿ. ಬೆಂಗಳೂರಿನ ಬಾಲ್ಕನಿಯಲ್ಲಿ ನಾನು ಇಟ್ಟ ಮೊದಲ ಕರಿಬೇವು ಹೀಗೇ ಹೋಯಿತು. ಗಿಡಕ್ಕೆ ಊಟ ಕಡಿಮೆಯಾಗಿಲ್ಲ, ಬೇರಿಗೆ ಗಾಳಿ ಸಿಗುತ್ತಿಲ್ಲ.

ನನ್ನ ತಪ್ಪು ನೀರಿನಿಂದ ಶುರುವಾಗಲಿಲ್ಲ, ಕುಂಡದಿಂದ ಶುರುವಾಯಿತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗುತ್ತದೆ. ನರ್ಸರಿಯ ಐದಿಂಚಿನ ಕಪ್ಪು ಕವರಿನಲ್ಲಿದ್ದ ಸಸಿಯನ್ನು, ಮತ್ತೆ ಮತ್ತೆ ಬದಲಿಸುವ ಕೆಲಸ ಯಾಕೆ ಅಂತ ನೇರವಾಗಿ 14 ಇಂಚಿನ ಕುಂಡಕ್ಕೆ ಹಾಕಿದೆ. ಅಷ್ಟು ದೊಡ್ಡ ಕುಂಡದಲ್ಲಿ 20 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಬೇರಿದ್ದ ಹೆಂಟೆ ಒಂದು ಲೀಟರೂ ಇರಲಿಲ್ಲ. ಮಿಕ್ಕ ಮಣ್ಣಿನ ನೀರನ್ನು ಹೀರುವುದಕ್ಕೆ ಅಲ್ಲಿ ಬೇರುಗಳೇ ಇಲ್ಲ. ಜುಲೈ ತಿಂಗಳ ಮೋಡದಲ್ಲಿ ಮೇಲಿನ ಒಂದಿಂಚು ಒಣಗಿ ಬೆಳ್ಳಗೆ ಕಾಣುತ್ತಿತ್ತು, ಅದನ್ನು ನೋಡಿ ನೀರು ಹಾಕುತ್ತಿದ್ದೆ. ಕೆಳಗೆ ಮಣ್ಣು ಕೆಸರಾಗಿತ್ತು.

ಅದರ ಮೇಲೆ, ನೀರು ಬಸಿಯಲಿ ಅಂತ ತಳಕ್ಕೆ ಮೂರಿಂಚು ಜಲ್ಲಿ ಹಾಕಿದ್ದೆ. ಎಲ್ಲರೂ ಹಾಕುತ್ತಾರೆ, ಎಲ್ಲರೂ ಹಾಕಿ ಅಂತಲೇ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ಸಣ್ಣ ರಂಧ್ರದ ಮಣ್ಣು ತನ್ನ ನೀರನ್ನು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪೂರ್ತಿ ನೆನೆದು ಭಾರ ತಡೆಯದಾದಾಗ ಮಾತ್ರ ಬಿಡುತ್ತದೆ. ಹಾಗಾಗಿ ಕುಂಡದ ತಳದಲ್ಲಿ ಇರಬೇಕಾದ ಕೆಸರಿನ ಪದರ ಮೂರಿಂಚು ಮೇಲೆ ಬಂದು ಬೇರಿನ ಬುಡಕ್ಕೇ ಕೂರುತ್ತದೆ. ಪಾತ್ರೆ ಉಜ್ಜುವ ಸ್ಪಂಜನ್ನು ನೆನೆಸಿ ಅಂಗೈ ಮೇಲೆ ಅಡ್ಡಡ್ಡಲಾಗಿ ಹಿಡಿದು ನೋಡಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಬಸಿಯುವುದನ್ನು ತೀರ್ಮಾನಿಸುವುದು ಮಣ್ಣಿನ ಎತ್ತರ ಮತ್ತು ಅದರ ರಂಧ್ರಗಳ ಗಾತ್ರ, ಅಡಿಯ ಕಲ್ಲಲ್ಲ.

ಇನ್ನು ನೀರಲ್ಲೇ ನಿಂತ ಗಿಡ ಬಾಡುವುದು ಯಾಕೆ? ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಇರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರಾಡಲಾಗದ ಬೇರಿಗೆ ನೀರೆಳೆಯುವ ಶಕ್ತಿಯೂ ಇರುವುದಿಲ್ಲ. ಸುತ್ತ ನೀರಿದ್ದರೂ ಎಲೆಗೆ ಸಿಗದೆ ಜೋತುಬೀಳುತ್ತದೆ. ಅದನ್ನು ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತೇವೆ. ಸೋತ ಬೇರಿಗೆ ಪಿಥಿಯಂನಂಥ ಸೂಕ್ಷ್ಮಜೀವಿಗಳಿಂದ ಕೊಳೆರೋಗ ಹತ್ತುವುದು ಆಮೇಲೆ.

ಖಚಿತ ಮಾಡಿಕೊಳ್ಳುವುದು ಕಷ್ಟವಲ್ಲ. ಕುಂಡವನ್ನು ಎತ್ತಿ ನೋಡಿ. ನೀರು ಹಾಕಿ ಮೂರ್ನಾಲ್ಕು ದಿನವಾದರೂ ಮೊದಲಿನಷ್ಟೇ ಭಾರವಿದ್ದರೆ ಗಿಡ ಕುಡಿಯುತ್ತಿಲ್ಲ ಅಂತಲೇ ಅರ್ಥ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಅಂಚಿನ ಕಡೆ ನಾಲ್ಕಿಂಚು ಚುಚ್ಚಿ ಹತ್ತು ನಿಮಿಷ ಬಿಡಿ. ಮಣ್ಣು ಮೆತ್ತಿಕೊಂಡು ಒದ್ದೆಯಾಗಿ ಬಂದರೆ ನೀರು ಬೇಡ. ಬಾಯಾರಿದ ಗಿಡದ ಎಲೆ ಒಳಕ್ಕೆ ಮಡಚಿಕೊಳ್ಳುತ್ತದೆ, ನೀರು ಕೊಟ್ಟ ಕೆಲವೇ ಗಂಟೆಯಲ್ಲಿ ಚೇತರಿಸುತ್ತದೆ. ನೀರು ಹೆಚ್ಚಾದ ಗಿಡದಲ್ಲಿ ಕೆಳಗಿನ ಎಲೆ ಇಡೀ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಉದುರುತ್ತದೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡುತ್ತಿದ್ದರೆ ಅದೂ ಒಂದು ಸುಳಿವು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ ನೀರಿನ ಸುಣ್ಣದಿಂದಲೂ ಬರುತ್ತದೆ, ಒದ್ದೆ ಬೇರಿನಿಂದಲೂ ಬರುತ್ತದೆ.

ಅನುಮಾನ ಉಳಿದರೆ ಹೆಂಟೆ ಒಡೆಯದಂತೆ ಗಿಡವನ್ನು ಹೊರಗೆ ತೆಗೆಯಿರಿ. ಚರಂಡಿಯ ವಾಸನೆ ಬಂದರೆ ಹಾಗೇ ಮತ್ತೆ ಕುಂಡಕ್ಕೆ ಇಡುವ ಹಾಗಿಲ್ಲ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ: ಕೊಳೆತಿದ್ದರೆ ಕಂದು ಸಿಪ್ಪೆ ಬೆರಳಲ್ಲೇ ಉಳಿದು, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಇರುತ್ತದೆ. ಆರೋಗ್ಯದ ಬೇರು ಗಟ್ಟಿಯಾಗಿ, ಕೆನೆಬಣ್ಣದ್ದಾಗಿ ಇರುತ್ತದೆ.

ವಾಸನೆ ಇಲ್ಲದಿದ್ದರೆ ನೀರು ನಿಲ್ಲಿಸಿ, ಕೆಳಗಿನ ತಟ್ಟೆ ತೆಗೆದು, ಕುಂಡವನ್ನು ಇಟ್ಟಿಗೆಗೆ ಒರಗಿಸಿ ಒಂದು ರಾತ್ರಿ ಓರೆಯಾಗಿ ಬಿಡಿ. ಸ್ಪಂಜಿನ ಲೆಕ್ಕವೇ ಇಲ್ಲೂ, ತಡೆದುಕೊಂಡಿದ್ದ ನೀರು ಬಸಿಯುತ್ತದೆ. ತಳದ ತೂತಿನೊಳಕ್ಕೆ ಹಳೆ ಹತ್ತಿ ಬಟ್ಟೆಯ ಪಟ್ಟಿ ತುರುಕಿ ಹೊರಕ್ಕೆ ಇಳಿಬಿಟ್ಟರೆ ಇನ್ನಷ್ಟು ಬರುತ್ತದೆ. ಬೇರು ಕೊಳೆತಿದ್ದರೆ ಕಂದು ಭಾಗವನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ, ಮೇಲಿನ ಎಲೆಯಲ್ಲಿ ಮೂರನೇ ಒಂದು ಪಾಲು ತೆಗೆದು, ಆರಿಂಚಿನ ಕುಂಡಕ್ಕೆ ಹೊಸ ಮಣ್ಣಿನಲ್ಲಿ ನೆಡಿ. ಆಮೇಲೆ ಎರಡು ವಾರ ನೇರ ಬಿಸಿಲು ಬೇಡ, ಬೆಳಕಿರುವ ನೆರಳು ಸಾಕು.

ಹುಳಿ ಮಜ್ಜಿಗೆ ಹಾಕಿ ಅಂತ ಖಂಡಿತ ಯಾರಾದರೂ ಹೇಳುತ್ತಾರೆ. ಚೆನ್ನಾಗಿ ಬೆಳೆಯುತ್ತಿರುವ ಗಿಡಕ್ಕೆ ತೆಳ್ಳಗೆ ಮಾಡಿ ಯಾವಾಗಲಾದರೂ ಹಾಕಿದರೆ ತೊಂದರೆಯಿಲ್ಲ. ನಿಮ್ಮ ಗಿಡಕ್ಕೆ ಈಗ ಹಾಕಿದರೆ ಅದೂ ನೀರೇ, ಜೊತೆಗೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನೂ ಉಣ್ಣುತ್ತವೆ.

ಹೊಸ ಮಣ್ಣಿಗೆ ನನ್ನ ಲೆಕ್ಕ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ತೊಳೆದುಕೊಳ್ಳಿ, ಅದರ ನುಣ್ಣನೆ ಪುಡಿ ಸಿಮೆಂಟಿನಂತೆ ರಂಧ್ರ ಮುಚ್ಚುತ್ತದೆ. ಮಳೆ ಬೀಳುವ ಬಾಲ್ಕನಿಗೆ ನೀರು ಹಿಡಿದಿಡುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡವೇ ಬೇಡ. ತಳದಲ್ಲಿ ಪೆನ್ಸಿಲ್ ತೂರುವಷ್ಟು ದಪ್ಪದ ಐದು ತೂತು ಇರಲಿ, ತೂತಿನ ಮೇಲೆ ಜಲ್ಲಿಯ ಬದಲು ಒಂದು ತುಂಡು ಸೊಳ್ಳೆಪರದೆ ಸಾಕು. ಬೇರು ಕುಂಡದ ಅಂಚು ಮುಟ್ಟಿದ ಮೇಲೆ ಆರರಿಂದ ಎಂಟು, ಎಂಟರಿಂದ ಹನ್ನೆರಡು ಇಂಚು, ಹೀಗೆ ಬದಲಿಸಿ.

ನೀರಿಗೆ ವಾರದ ಪಟ್ಟಿ ಇಟ್ಟುಕೊಳ್ಳಬೇಡಿ. ಎರಡಿಂಚು ಒಣಗಿದಾಗ, ತೂತಿನಿಂದ ಹೊರಬರುವವರೆಗೆ ನಿಧಾನವಾಗಿ ಹಾಕಿ, ಅರ್ಧ ಗಂಟೆಯಲ್ಲಿ ತಟ್ಟೆಯ ನೀರು ಚೆಲ್ಲಿ. ದಿನಾ ಅರ್ಧ ಲೋಟ ಚಿಮುಕಿಸಿದರೆ ಮೇಲೆ ಸದಾ ಒದ್ದೆ, ಕೆಳಗೆ ಒಣ, ಹೀಗೆ ಎರಡೂ ಕಡೆ ಕೆಡುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಂಗಳೂರಿನ ಕರಿಬೇವು ಬಹುತೇಕ ಬೆಳೆಯುವುದೇ ಇಲ್ಲ, ಎಲೆಯನ್ನೂ ಉದುರಿಸುತ್ತದೆ. ಆಗ ವಾರಕ್ಕೊಮ್ಮೆ ಹಾಕುವುದೂ ಹೆಚ್ಚಾಗಬಹುದು.

ಬೇರು ಹಿಡಿದಿದೆ ಅಂತ ಗೊತ್ತಾಗುವುದು ತುದಿಯಲ್ಲಿ ಹೊಸ ಚಿಗುರು ಒಡೆದಾಗ. ಆ ಚಿಗುರಿನ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ ಒಂದು ಹಿಡಿ ಎರೆಗೊಬ್ಬರ ಕೊಡಿ.